ನನ್ನ ನಂತರ ನಾಯಿಯ ಖರ್ಚಿಗೆ ಉಯಿಲಿನಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ (ಡೊಂಬಿವಲಿಯಿಂದ): ವಕೀಲರಿಗೆ ನಮಸ್ಕಾರ. ನಾನು ನಿವೃತ್ತ ಶಿಕ್ಷಕಿ, ಒಬ್ಬಳೇ ಇದ್ದೇನೆ, ಮಗ ಪರದೇಶದಲ್ಲಿದ್ದಾನೆ. ಒಂದು ಎಫ್‌ಡಿಯನ್ನು ನನ್ನ ನಾಯಿಯ ಹೆಸರಿಗೇ ಉಯಿಲಿನಲ್ಲಿ ಬರೆದಿಡಬಹುದೇ? ನನ್ನ ನಂತರ ಅದನ್ನು ಸಾಕಲು ನಮ್ಮ ಮನೆಗೆಲಸದವರು ಒಪ್ಪಿದ್ದಾರೆ.

ಉತ್ತರ: ಅಮ್ಮಾ, ನಾಯಿಯ ಹೆಸರಿಗೆ ಬರೆದ ಮಾತು ಊರ್ಜಿತವಾಗದು. ನಮ್ಮ ಕಾನೂನಿನಲ್ಲಿ ಸಾಕುಪ್ರಾಣಿಯೂ ಒಡೆಯರ ಸ್ವತ್ತೇ ಆಗಿರುವುದರಿಂದ ಅದು ಆಸ್ತಿಗೆ ವಾರಸುದಾರನಾಗಲಾರದು. 2024ರ ಅಕ್ಟೋಬರಿನಲ್ಲಿ ತೀರಿಕೊಂಡ ರತನ್ ಟಾಟಾ ಅವರ ಉಯಿಲಿನಲ್ಲಿ ನಾಯಿ ಟಿಟೊಗೆ ಏರ್ಪಾಡಿತ್ತೆಂದು ಪತ್ರಿಕೆಗಳಲ್ಲಿ ಓದಿದವರು ನಾಯಿಗೇ ಆಸ್ತಿ ಹೋಯಿತೆಂದು ತಿಳಿಯುವುದುಂಟು. ಅಲ್ಲಿಯೂ ನೋಡಿಕೊಳ್ಳುವ ಹೊಣೆ ಅಡುಗೆಯವರಿಗೆ ಬಂದಿತೆಂದೇ ವರದಿಯಾಗಿತ್ತು.

ನೀವು ನಾಯಿಯನ್ನು ಮನೆಗೆಲಸದವರಿಗೆ ಬರೆಯಿರಿ, ಹಣವನ್ನು ಮಾತ್ರ ನಂಬಿಕೆಯ ಬೇರೊಬ್ಬರ ವಶಕ್ಕೆ ಟ್ರಸ್ಟಿಯಾಗಿ ಒಪ್ಪಿಸಿ, ನಾಯಿ ಬದುಕಿರುವವರೆಗೆ ಅದರ ಊಟಕ್ಕೂ ಚಿಕಿತ್ಸೆಗೂ ಮೂರು ತಿಂಗಳಿಗೊಮ್ಮೆ ಇಷ್ಟು ಮೊತ್ತವನ್ನು ಸಾಕುವವರಿಗೆ ಕೊಡಬೇಕೆಂದು ಸ್ಪಷ್ಟಪಡಿಸಿ. ಇಡೀ ಮೊತ್ತ ಒಮ್ಮೆಲೇ ಕೈಸೇರಿದರೆ ಆಮೇಲೆ ಕೇಳುವವರು ಯಾರು? ನಾಯಿ ಸತ್ತ ಮೇಲೆ ಉಳಿಯುವ ಹಣವೂ ಸಾಕುವವರಿಗೇ ಎಂದು ಬರೆಯಬೇಡಿ. ಅವರು ಒಳ್ಳೆಯವರೇ ಇರಬಹುದು, ಆದರೆ ಅದು ಬೇಗ ಸತ್ತಷ್ಟೂ ಲಾಭವೆನ್ನುವ ಏರ್ಪಾಡು ಒಳ್ಳೆಯದಲ್ಲ. ಉಳಿದ ಹಣ ಮಗನಿಗೋ ಪ್ರಾಣಿದಯಾ ಸಂಸ್ಥೆಗೋ ಹೋಗಲಿ. ಸಾಕುವವರು ಊರಿಗೆ ಮರಳಿದರೆ ಯಾರು ಎಂಬುದಕ್ಕೆ ಎರಡನೆಯ ಹೆಸರೂ ಇರಲಿ.

ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಸ್ಟ್ಯಾಂಪ್ ಶುಲ್ಕವೂ ಇಲ್ಲ.

ಪ್ರಶ್ನೆ (ಠಾಣೆಯಿಂದ): ಸಾಕುವವರನ್ನೇ ಎಫ್‌ಡಿಗೆ ನಾಮಿನಿ ಮಾಡಿದರೆ ಸಾಲದೇ, ಸರ್?

ಉತ್ತರ: ಸಾಲದು. ನಾಮಿನಿ ಬ್ಯಾಂಕಿನಿಂದ ಹಣ ಪಡೆಯುವವರಷ್ಟೇ, ಅದರ ಒಡೆಯರಲ್ಲ. ಉಯಿಲಿನಲ್ಲಿ ಬರೆದಿರದಿದ್ದರೆ ವಾರಸುದಾರರು ಅದನ್ನು ಕೇಳಿ ಪಡೆಯಬಹುದು.

ಡೊಂಬಿವಲಿಯ ಅಮ್ಮನವರಿಗೆ ಇನ್ನೊಂದು ಮಾತು. ಉಯಿಲು ಜಾರಿಗೆ ಬರುವುದು ಮರಣದ ನಂತರ. ನೀವು ಆಸ್ಪತ್ರೆ ಸೇರಿದರೆ ಆ ದಿನಗಳಿಗೆ ಅದರಿಂದ ಒಂದು ರೂಪಾಯಿಯೂ ಬಾರದು. ಆದ್ದರಿಂದ ಮನೆಯ ಬೀಗದ ಕೈ, ಪಶುವೈದ್ಯರ ಫೋನ್ ನಂಬರು, ಲಸಿಕೆಯ ಪುಸ್ತಕ ಮತ್ತು ಕೆಲವು ತಿಂಗಳ ಖರ್ಚನ್ನು ಸಾಕುವವರ ಬಳಿ ಈಗಲೇ ಕೊಟ್ಟಿಡಿ.