ಹೆಡ್‌ಫೋನ್‌ನಲ್ಲಿ ಹಾಡುವವರ ದನಿಯೇ ಮಾಯ, ಪಕ್ಕವಾದ್ಯ ಮಾತ್ರ ಕೇಳಿಸುತ್ತಿದೆ. ವೈರ್ ನಾನೇ ಬದಲಾಯಿಸಬಹುದಾ?

ತಂಬೂರಿ_ತಂತಿ:

ನಮಸ್ಕಾರ. ನನ್ನ ಹತ್ತಿರ ಹಳೆಯ ಕ್ಲೋಸ್ಡ್ ಬ್ಯಾಕ್ (ಕಪ್ ಹಿಂಬದಿ ಮುಚ್ಚಿರುವ) ಹೆಡ್‌ಫೋನ್ ಇದೆ, 32 ಓಂನದ್ದು. ಕೇಬಲ್ ಎಡಗಡೆ ಕಪ್‌ನಿಂದ ಹೊರಗೆ ಬರುತ್ತದೆ, ಕಳಚಲು ಆಗುವುದಿಲ್ಲ. ಈಚೆಗೆ ಒಂದು ವಿಚಿತ್ರ ತೊಂದರೆ ಶುರುವಾಗಿದೆ. ಭಾವಗೀತೆ ಹಾಕಿದರೆ ಹಾಡುವವರ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ, ಒಮ್ಮೊಮ್ಮೆ ಪೂರ್ತಿ ಇಲ್ಲ. ಪಿಟೀಲು, ಗಿಟಾರ್ ಮಾತ್ರ ಎರಡೂ ಕಿವಿಯಲ್ಲಿ ಚೆನ್ನಾಗಿಯೇ ಇವೆ. ಪ್ಲಗ್ ಹತ್ತಿರ ವೈರನ್ನು ಬಗ್ಗಿಸಿ ಹಿಡಿದರೆ ಎಲ್ಲ ಸರಿಹೋಗುತ್ತದೆ.

ರಿಪೇರಿ ಅಂಗಡಿಯಲ್ಲಿ ಹೊಸದು ತಗೊಳ್ಳಿ ಅಂದರು. ಮನೆಯಲ್ಲಿ 25 ವ್ಯಾಟ್‌ನ ಸೋಲ್ಡ್ರಾನ್ ಬೆಸುಗೆ ಕಬ್ಬಿಣ ಮತ್ತು ಒಂದು ಮಲ್ಟಿಮೀಟರ್ ಇದೆ. ಸ್ಪೀಕರ್ ಹೋಗಿದೆಯಾ, ವೈರ್ ಹೋಗಿದೆಯಾ? ಆನ್‌ಲೈನ್‌ನಲ್ಲಿ ಬೆಳ್ಳಿ ಲೇಪದ 8 ಎಳೆ ಹೆಣೆದ ಕೇಬಲ್ ಅಂತ ಸಾವಿರಗಟ್ಟಲೆ ಬೆಲೆಗೆ ಮಾರುತ್ತಾರಲ್ಲ, ಹೇಗೂ ಬದಲಾಯಿಸುವುದಾದರೆ ಅದನ್ನೇ ಹಾಕಿದರೆ ಹೇಗೆ?

ಬೆಸುಗೆ_ಮಾವ:

ಸ್ಪೀಕರ್‌ಗೆ ಏನೂ ಆಗಿಲ್ಲ. ಗ್ರೌಂಡ್ ವೈರ್ ಒಂದು ಕಟ್ ಆಗಿದೆ. ನಾನು ಆರ್ಕೆಸ್ಟ್ರಾಗಳಿಗೆ ಸೌಂಡ್ ಹಾಕುತ್ತಿದ್ದವನು. ಗಾಯಕರು ಮಾಯ ಅಂತ ಯಾರಾದರೂ ಹೆಡ್‌ಫೋನ್ ತಂದರೆ ನೋಡದೆಯೇ ಹೇಳುತ್ತಿದ್ದೆ.

ಮೂರು ವೈರಿನ ಕೇಬಲ್‌ನಲ್ಲಿ ಎಡ, ಬಲ ಎರಡಕ್ಕೂ ವಾಪಸ್ ಬರುವ ದಾರಿ ಒಂದೇ, ಅದೇ ಗ್ರೌಂಡ್. ಅದು ತುಂಡಾದರೆ ಕರೆಂಟ್ ಎಡಗಡೆ ಸ್ಪೀಕರ್‌ನಿಂದ ಬಲಗಡೆ ಸ್ಪೀಕರ್ ಹಾದು ಹೋಗಬೇಕು. ಆಗ ನಿಮಗೆ ಕೇಳಿಸುವುದು ಎರಡು ಚಾನೆಲ್‌ಗಳ ವ್ಯತ್ಯಾಸ ಮಾತ್ರ. ದನಿಯನ್ನು ಮಿಕ್ಸ್ ಮಾಡುವಾಗ ನಡುವೆ ಇಡುತ್ತಾರೆ, ಅಂದರೆ ಎರಡೂ ಕಡೆ ಸಮ. ಸಮದಲ್ಲಿ ಸಮ ಕಳೆದರೆ ಸೊನ್ನೆ ಅಲ್ವಾ? ಒಂದು ಪಕ್ಕಕ್ಕೆ ಇಟ್ಟ ಪಿಟೀಲು ಉಳಿಯುತ್ತದೆ. ಕರೋಕೆಗೆ ಹಾಡಿನಿಂದ ದನಿ ತೆಗೆಯುವ ಹಳೆಯ ಸಾಫ್ಟ್‌ವೇರ್‌ಗಳು ಮಾಡುತ್ತಿದ್ದದ್ದೂ ಇದನ್ನೇ.

ನಂಬಿಕೆ ಬರಲಿಲ್ಲ ಅಂದರೆ ಫೋನಿನಿಂದ ಪ್ಲಗ್ ತೆಗೆದು ಮೀಟರ್ ಹಿಡಿಯಿರಿ. ಪ್ಲಗ್‌ನ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ತುದಿಯಿಂದ ಬುಡಕ್ಕೆ ಸುಮಾರು 32 ಓಂ ಬರಬೇಕು, ಉಂಗುರದಿಂದ ಬುಡಕ್ಕೂ ಅಷ್ಟೇ. ನಿಮ್ಮದರಲ್ಲಿ ಇವೆರಡೂ ಓಪನ್ (ಸಂಪರ್ಕವೇ ಇಲ್ಲ) ಅಂತ ತೋರಿಸಿ, ತುದಿಯಿಂದ ಉಂಗುರಕ್ಕೆ ಮಾತ್ರ 64ರ ಆಸುಪಾಸು ಬರುತ್ತದೆ, ನೋಡಿ.

ಬಗ್ಗಿಸಿದರೆ ಸರಿಹೋಗುತ್ತದೆ ಅಂದಿರಲ್ಲ, ಹಾಗಾದರೆ ಕಟ್ ಆಗಿರುವುದು ಪ್ಲಗ್‌ನ ಕುತ್ತಿಗೆಯಲ್ಲಿ. ಹತ್ತಕ್ಕೆ ಎಂಟು ಕೇಬಲ್ ಸಾಯುವುದು ಅಲ್ಲೇ. ಅದರಿಂದ ಮೂರು ನಾಲ್ಕು ಸೆಂ.ಮೀ. ಮೇಲೆ ಕತ್ತರಿಸಿ ಹೊಸ ಪ್ಲಗ್ ಹಾಕಿದರೆ ಮುಗಿಯಿತು. ಕಪ್ ಬಿಚ್ಚುವುದೇ ಬೇಡ. ನ್ಯೂಟ್ರಿಕ್‌ನವರ ರೀನ್ ಅಂತ ಅಗ್ಗದ ಸಾಲು ಇದೆ, ಅದರ 3.5 ಮಿ.ಮೀ. ಪ್ಲಗ್ ಸಾಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುವಾಗ ಕೇಬಲ್‌ನ ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಪ್ಲಗ್‌ನ ಹಿಂದಿನ ತೂತಿಗೆ ಕೇಬಲ್ ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಮೈಕ್ ಇಲ್ಲದ ಹೆಡ್‌ಫೋನ್‌ಗೆ ಮೈಕ್‌ಗೂ ಜಾಗವಿರುವ ನಾಲ್ಕು ಪೋಲ್‌ನ ಪ್ಲಗ್ ಕೊಟ್ಟರೆ ಬೇಡ ಅನ್ನಿ.

ತಂಬೂರಿ_ತಂತಿ:

ಮಾವ, ನೀವು ಹೇಳಿದ ಹಾಗೇ ಬಂತು! ತುದಿಯಿಂದ ಉಂಗುರಕ್ಕೆ 63, ಉಳಿದೆರಡೂ ಓಪನ್. ಕತ್ತರಿಸಿದ್ದೇನೆ. ಒಳಗೆ ಕೆಂಪು, ಹಸಿರು, ತಾಮ್ರದ ಬಣ್ಣದ ಕೂದಲಿನಷ್ಟು ತೆಳ್ಳಗಿನ ಎಳೆಗಳು. ಪ್ಲಾಸ್ಟಿಕ್ ಹೊದಿಕೆ ಇಲ್ಲವೇ ಇಲ್ಲ. ಬೆಸುಗೆಯ ಸೀಸ ಹಚ್ಚಿದರೆ ಅಂಟುತ್ತಿಲ್ಲ, ಗುಂಡಗೆ ಉರುಳಿ ಬೀಳುತ್ತಿದೆ.

ಬೆಸುಗೆ_ಮಾವ:

ಆ ಬಣ್ಣವೇ ಹೊದಿಕೆ. ಪ್ರತಿ ಎಳೆಗೂ ತೆಳು ಎನಾಮಲ್ ಬಳಿದಿರುತ್ತಾರೆ. ಅದು ಸುಟ್ಟುಹೋಗುವವರೆಗೂ ಸೀಸ ಹಿಡಿಯುವುದಿಲ್ಲ.

ಕಬ್ಬಿಣದ ತುದಿಯಲ್ಲಿ ಹೊಸ ಸೀಸದ ದಪ್ಪ ಹನಿ ನಿಲ್ಲಿಸಿ. 63/37 ಸೀಸ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೇ ಕರಗುತ್ತದೆ, ಆದರೆ ಎನಾಮಲ್ ಸುಡಲು ಅಷ್ಟು ಬಿಸಿ ಸಾಲದು, 350ರ ಮೇಲೆ ಬೇಕು. ಹಾಗಾಗಿ ಕಬ್ಬಿಣ ಚೆನ್ನಾಗಿ ಕಾಯಲಿ. ಎಳೆಗಳನ್ನು ಹುರಿ ಮಾಡಿ, ಫ್ಲಕ್ಸ್ (ಸೀಸ ಹಿಡಿಯಲು ಹಚ್ಚುವ ಅಂಟು) ಹಚ್ಚಿ, ತುದಿಯಿಂದ ಮೂರು ನಾಲ್ಕು ಮಿ.ಮೀ. ಆ ಹನಿಯೊಳಗೆ ಇಳಿಸಿ ಹಿಡಿಯಿರಿ. ಮೊದಲು ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಚುರ್ ಅಂತ ಹೊಗೆ ಎದ್ದು, ತಟ್ಟನೆ ಸೀಸ ಎಳೆಗಳೊಳಗೆ ಹತ್ತಿಕೊಳ್ಳುತ್ತದೆ. ಕಿಟಕಿ ತೆಗೆದಿರಿ, ಆ ಹೊಗೆ ಒಳ್ಳೆಯದಲ್ಲ. ಲೈಟರ್‌ನಿಂದ ಸುಡಿ ಅಂತ ಯೂಟ್ಯೂಬ್‌ನಲ್ಲಿ ತೋರಿಸುತ್ತಾರೆ. ನನಗೆ ಇಷ್ಟವಿಲ್ಲ. ಮಸಿ ಕೂರುತ್ತದೆ, ತೆಳು ತಾಮ್ರ ಮುರುಕಲಾಗುತ್ತದೆ. ಎಳೆಗಳ ನಡುವೆ ನೈಲಾನ್ ದಾರ ಕಂಡರೆ ಮೊದಲೇ ಕತ್ತರಿಸಿಬಿಡಿ.

ಸಾಮಾನ್ಯವಾಗಿ ಕೆಂಪು ಬಲ, ಹಸಿರು ಎಡ, ತಾಮ್ರ ಗ್ರೌಂಡ್. ಸೀಸ ಹಿಡಿದ ಮೇಲೆ ಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. ಪ್ರೋಬ್ ತಗುಲಿಸಿದಾಗ ಯಾವ ಕಪ್‌ನಲ್ಲಿ ಟಿಕ್ ಅನ್ನುತ್ತದೆ ಅಂತ ಕೇಳಿದರೆ ಸಾಕು. ಬೆಸೆಯುವಾಗ ಪ್ಲಗ್ಗನ್ನು ಒಂದು ಹಳೆಯ ಸಾಕೆಟ್‌ಗೆ ಚುಚ್ಚಿಟ್ಟುಕೊಳ್ಳಿ. ಬಿಸಿಗೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ಓರೆಯಾಗುವುದಿಲ್ಲ.

ಕಾವೇರಿ_ಡೆಸಿಬಲ್:

ಪ್ಲಗ್ ವಿಷಯ ಸರಿ ಮಾವ. ಆದರೆ ಬೆಳ್ಳಿ ಕೇಬಲ್ ಬಗ್ಗೆ ನೀವು ಉತ್ತರ ಕೊಡಲಿಲ್ಲ. ನಾನು ಹಾಕಿಸಿದ್ದೇನೆ, ಮೇಲಿನ ಸ್ವರಗಳು ತೆರೆದುಕೊಂಡವು. ಸುಮ್ನೆ ಹೇಳುತ್ತಿಲ್ಲ.

ಬೆಸುಗೆ_ಮಾವ:

ನಿಮ್ಮ ಕಿವಿಯ ಬಗ್ಗೆ ನನಗೆ ತಕರಾರಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. 28 ಗೇಜ್ ದಪ್ಪದ ತಾಮ್ರದ ತಂತಿಗೆ ಮೀಟರ್‌ಗೆ ಸುಮಾರು 0.21 ಓಂ. 1.2 ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿ ಸೇರಿ ಅರ್ಧ ಓಂ. 32 ಓಂ ಹೆಡ್‌ಫೋನ್‌ನ ಮುಂದೆ ಇದರ ನಷ್ಟ 0.13 ಡೆಸಿಬೆಲ್. ಬೆಳ್ಳಿ ತಾಮ್ರಕ್ಕಿಂತ ಶೇ. 6ರಷ್ಟು ಚೆನ್ನಾಗಿ ಕರೆಂಟ್ ಹರಿಸುತ್ತದೆ. ಪೂರ್ತಿ ಬೆಳ್ಳಿಯದೇ ಹಾಕಿದರೂ ಅರ್ಧ ಓಂ 0.47 ಆಗುತ್ತದೆ ಅಷ್ಟೇ. ಲೇಪಕ್ಕೆ ಅದೂ ಇಲ್ಲ.

ದುಡ್ಡು ಹಾಕುವುದಾದರೆ ಎರಡು ಕಡೆ ಹಾಕಿ. ಒಂದು, ಪ್ಲಗ್‌ವರೆಗೂ ನಾಲ್ಕು ವೈರ್ ತನ್ನಿ, ಎರಡು ಗ್ರೌಂಡ್ ಬೇರೆ ಬೇರೆ. ಗ್ರೌಂಡ್ ಒಂದೇ ಆಗಿ ಅದರಲ್ಲಿ ಕಾಲು ಓಂ ಇದ್ದರೂ ಒಂದು ಕಡೆಯ ಸದ್ದು ಇನ್ನೊಂದು ಕಡೆಗೆ ಸೋರುತ್ತದೆ, ಸುಮಾರು 42 ಡೆಸಿಬೆಲ್ ಕೆಳಗೆ. ಅದು ಅಳತೆಗೆ ಸಿಗುವ ಸಂಗತಿ. ಎರಡು, ಮೆತ್ತಗಿನ ಕೇಬಲ್. ಸ್ಟೇಜ್‌ನವರು ಮೈಕ್‌ಗೆ ಬಳಸುವ ಕ್ಯಾನಾರೆ ಎಲ್-4ಇ6ಎಸ್ ಒಳ್ಳೆಯ ಮಾಲು, ನಾಲ್ಕು ಎಳೆಯೂ ಇದೆ. ಆದರೆ 6 ಮಿ.ಮೀ. ದಪ್ಪ. ಅದನ್ನು ಹಾಕಿಕೊಂಡು ತಲೆ ತಿರುಗಿಸಿದರೆ ಅಂಗಿಗೆ ಉಜ್ಜಿದ ಸದ್ದೆಲ್ಲ ಕಿವಿಗೆ ಬರುತ್ತದೆ. ದುಬಾರಿ ಹೆಣಿಗೆ ಕೇಬಲ್‌ಗಳಲ್ಲೂ ಈ ಕಾಟ ಜಾಸ್ತಿ. ಜಾಹೀರಾತಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ ಬಿಡಿ.

ಹಂಪಿ_ಹಮ್:

ನಡುವೆ ಬಾಯಿ ಹಾಕುತ್ತಿದ್ದೇನೆ. ಕಪ್‌ಗೆ 3.5 ಮಿ.ಮೀ. ಸಾಕೆಟ್ ಕೂರಿಸಿ ಕೇಬಲ್ ಕಳಚುವಂತೆ ಮಾಡಿಕೊಂಡರೆ ಪ್ರತಿ ಸಲ ಈ ಗೋಳು ಇರುವುದಿಲ್ಲ. ಆಡಿಯೋ ಟೆಕ್ನಿಕಾದ ಎಂ50ಕ್ಕೆ ಅಂಟಿಕೊಂಡೇ ಇದ್ದ ಕೇಬಲ್, 2014ರ ಎಂ50ಎಕ್ಸ್‌ನಲ್ಲಿ ತಿರುಗಿಸಿ ಕಳಚುವ ಹಾಗಾಯಿತು. ನಾವೂ ಮನೆಯಲ್ಲಿ ಮಾಡಬಹುದು.

ಬೆಸುಗೆ_ಮಾವ:

ಮಾಡಬಹುದು, ಒಳಗೆ ಜಾಗ ಇದ್ದರೆ. ಮೊದಲು ಸಾಕೆಟ್ಟಿಗೆ ಪ್ಲಗ್ ಚುಚ್ಚಿ ಉದ್ದ ಅಳೆಯಿರಿ. ಕೆಲವು ಸಾಕೆಟ್‌ಗಳಲ್ಲಿ ಪ್ಲಗ್‌ನ ತುದಿ ಹಿಂದಿನಿಂದ ಹೊರಗೆ ಬಂದು ಸ್ಪೀಕರ್‌ಗೆ ತಾಗುತ್ತದೆ. ತೂತು ಕೊರೆಯುವ ಮುಂಚೆ ಸ್ಪೀಕರ್ ಬಿಚ್ಚಿ ಬೇರೆ ಕೋಣೆಯಲ್ಲೇ ಇಡಿ. ಅದರ ಮ್ಯಾಗ್ನೆಟ್ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಪುಡಿ ಕಾಯಿಲ್ ಸಂದಿಗೆ ಹೋದರೆ ಗರಗರ ಶುರು, ತೆಗೆಯಲು ಆಗುವುದಿಲ್ಲ. ಕ್ಲೋಸ್ಡ್ ಬ್ಯಾಕ್ ಆದ್ದರಿಂದ ಸಾಕೆಟ್ ಸುತ್ತ ಸಂದಿ ಉಳಿದರೆ ಬಾಸ್ ಸೋರಿಹೋಗುತ್ತದೆ. ಹಿಂದಿನಿಂದ ಸ್ವಲ್ಪ ಗಮ್ ಹಾಕಿ ಮುಚ್ಚಿ.

ತಂಬೂರಿ_ತಂತಿ:

ಸದ್ಯಕ್ಕೆ ಪ್ಲಗ್ ಮಾತ್ರ ಹಾಕುತ್ತೇನೆ. ಕಪ್ ಕಡೆ ಕೇಬಲ್ ಕೈಕೊಟ್ಟ ದಿನ ಸಾಕೆಟ್ ನೋಡೋಣ. ಅಲ್ಲಿ ಪ್ಲಸ್, ಮೈನಸ್ ಅದಲುಬದಲಾದರೆ ಏನಾದರೂ ಸುಟ್ಟುಹೋಗುತ್ತದಾ?

ಬೆಸುಗೆ_ಮಾವ:

ಸುಡುವುದಿಲ್ಲ. ಎರಡೂ ಕಡೆ ಅದಲುಬದಲಾದರೆ ಗೊತ್ತೂ ಆಗುವುದಿಲ್ಲ. ಒಂದೇ ಕಡೆ ಆದರೆ ಬಾಸ್ ತೆಳ್ಳಗಾಗಿ, ನಡುವಿನ ದನಿಗೆ ಜಾಗವೇ ಇಲ್ಲದಂತಾಗುತ್ತದೆ. ಮೊನೊ (ಎರಡೂ ಕಡೆ ಒಂದೇ ಸದ್ದಿರುವ) ರೆಕಾರ್ಡಿಂಗ್ ಹಾಕಿ ನೋಡಿ. ಹಾಡು ತಲೆಯ ನಡುವೆ ನಿಂತರೆ ಸರಿ, ಎರಡು ಕಿವಿಯ ಆಚೆ ಚದುರಿದರೆ ಒಂದು ಕಪ್‌ನ ವೈರ್ ತಿರುಗಿಸಿ. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಇದ್ಯಾವುದೂ ಬೇಕಾಗುವುದಿಲ್ಲ.