ಪಾಲಿಹೌಸ್ ಗುಲಾಬಿಗೆ ಬೂದಿ ರೋಗ: ಏನು ಹೊಡೆದ್ರಿ, ಎಷ್ಟು ಹೋಯ್ತು?

ಅರಕಲಗೂಡು ಹೂವಿನವ: ಹತ್ತು ಗುಂಟೆ ಪಾಲಿಹೌಸ್, ತಾಜ್‌ಮಹಲ್ ತಳಿ. ಚಿಗುರು, ಮೊಗ್ಗಿನ ತೊಟ್ಟು ಎಲ್ಲ ಹಿಟ್ಟು ಬಳಿದ ಹಾಗಿದೆ. ಶಿಲೀಂಧ್ರದ ಔಷಧಿ ಹೆಕ್ಸಾಕೊನಜೋಲ್ ಹೊಡೆದು ವಾರ ಆಗೋದ್ರೊಳಗೆ ಮತ್ತೆ ಹಾಜರ್. ಫೆಬ್ರವರಿ 14ರ ಹೂವಿಗೆ ಪ್ರೂನಿಂಗ್ ಮಾಡೋ ಹೊತ್ತು ಹತ್ರ ಬಂತು. ಅನುಭವ ಇದ್ದೋರು ಹೇಳಿ.

ಆಲೂರು ಅಣ್ಣ: ಗಂಧಕ ಕಾಯಿಸಿ ಆವಿ ಎಬ್ಬಿಸೋ ಬರ್ನರ್ ಹಾಕ್ಸಿ. ನಾನು ಆರು ಗುಂಟೆಗೆ ಆರು ತಂದೆ, ಒಂದಕ್ಕೆ 2,400. ವೈರಿಂಗ್ 9,000, ಟೈಮರ್ 1,350, ಎಲೆಕ್ಟ್ರಿಷಿಯನ್ ಊಟ ಕಾಫಿ ಬೇರೆ. ರಾತ್ರಿ ಸೈಡ್ ಕರ್ಟನ್ ಇಳಿಸಿ ಹಚ್ಚೋದು, ಬೆಳಿಗ್ಗೆ ಎತ್ತಿ ಗಾಳಿ ಆಡಿದ ಮೇಲೇ ಆಳುಗಳನ್ನ ಒಳಗೆ ಬಿಡೋದು. ಊರೋರು ನಕ್ಕರು. ಈಗ ನನ್ನ ಹೂ ಹೆಬ್ಬಾಳದ ಹರಾಜಿಗೆ ಇಟ್ಟ ಕೂಡಲೇ ಹೋಗುತ್ತೆ.

ಕಡೂರಿನವ: ಅಣ್ಣಾವ್ರೇ, ಪಾಲಿಹೌಸ್ ಹೊದಿಕೆ ಹಾಳೆ ಕಥೆ ಯಾಕೆ ಬಿಟ್ರಿ? ಗಂಧಕದ ಆವಿ ಕೂತು ಕೂತು ನನ್ನ 200 ಮೈಕ್ರಾನ್ ಹಾಳೆಯ ಬಿಸಿಲಿನ ಯುವಿ ಕಿರಣ ತಾಳೋ ಶಕ್ತಿ ಹೋಗಿ, ಪೈಪ್ ಮುಟ್ಟೋ ಕಡೆಯೆಲ್ಲ ಗೆರೆಗೆರೆಯಾಗಿ ಸೀಳ್ತು. ಮಾರಿದವನು ಬಂದು ಮೂಸಿ ನೋಡಿ "ಗಂಧಕ ಹಚ್ಚಿದೀರಿ, ಗ್ಯಾರಂಟಿ ಇಲ್ಲ" ಅಂದ. ಹೊಸ ಹಾಳೆ, ಕೂಲಿ, ಲಾರಿ ಬಾಡಿಗೆ ಸೇರಿ 1,12,000. ಈಗ ನೀರಲ್ಲಿ ಕರಗೋ ಗಂಧಕ, ಲೀಟರ್‌ಗೆ 2 ಗ್ರಾಂ, ಬೆಳಗಿನ ತಂಪಲ್ಲೇ. ಒಳಗೆ 32 ಡಿಗ್ರಿ ದಾಟಿದ್ರೆ ಎಲೆ ಸುಡುತ್ತೆ. ಇನ್ನೊಂದು, ಅಂಗಡಿಯವನು ಹೆಕ್ಸಾಕೊನಜೋಲ್ ಬದಲಿಗೆ ಟೆಬುಕೊನಜೋಲ್ ಕೊಟ್ರೆ ತಗೋಬೇಡಿ, ಎರಡೂ ಒಂದೇ ಗುಂಪು. ಡಬ್ಬಿ ಬದಲಾಗುತ್ತೆ, ರೋಗ ಬಗ್ಗಲ್ಲ.

ಆಲೂರು ಅಣ್ಣ: ಎಲೆಗೆ ಹೊಡೆದ ಗಂಧಕ ಹಾಳೆಗೆ ಹಾರಲ್ವಾ? ಅಗ್ಗದ ಹಾಳೆ ತಂದು ಬರ್ನರ್ ಮೇಲೆ ಗೂಬೆ ಕೂರಿಸ್ತೀರಲ್ಲ ಸ್ವಾಮಿ.

ಮೂಡಿಗೆರೆ ಮಳೆ: ನಿಮ್ಮ ಬೂದಿ ಒಂದು ರೋಗವಾ ಮಾರಾಯ್ರೇ! ಅದಕ್ಕೆ ಎಲೆ ಮೇಲೆ ನೀರು ನಿಲ್ಲೋದೂ ಬೇಡ. ನಮ್ಮಲ್ಲಿ ಡೌನಿ ಅನ್ನೋ ಬೇರೆ ರೋಗ. ನರಗಳ ನಡುವೆ ಕೆನ್ನೇರಳೆ ಮಚ್ಚೆ, ಗಿಡ ಅಲ್ಲಾಡಿಸಿದ್ರೆ ಹಸಿ ಎಲೆಯೇ ಬುಡಕ್ಕೆ ಸುರಿಯುತ್ತೆ. ಹೆಕ್ಸಾಕೊನಜೋಲ್ ಅದಕ್ಕೆ ನಾಟೋದೇ ಇಲ್ಲ. ಮೆಟಲಾಕ್ಸಿಲ್-ಮ್ಯಾಂಕೋಜೆಬ್, ಆಮೇಲೆ ಡೈಮೆಥೊಮಾರ್ಫ್, ಒಂದೇ ಮಳೆಗಾಲಕ್ಕೆ ಔಷಧಿ ಅಂಗಡಿಗೆ 38,600. ಆಷಾಢದಲ್ಲಿ ಹೂವಿಗೆ ಎರಡು ರೂಪಾಯಿ! ಅಷ್ಟೂ ಕಿತ್ತು ದೊಣ್ಣೆ ಮೆಣಸಿನಕಾಯಿ ಹಾಕಿದೆ. ಆರಾಮಿದ್ದೇನೆ.

ಕಡೂರಿನವ: ಆ ಮೆಣಸಿಗೂ ಬೂದಿ ಬರುತ್ತೆ. ಎಲೆ ತಿರುವಿ ಅಡಿ ನೋಡಿ.

ಮೂಡಿಗೆರೆ ಮಳೆ: ನೋಡಿದೀನಿ, ಇಲ್ಲ. ನೀವು ಕಣ್ಣು ಹಾಕ್ಬೇಡಿ.

ಬೇಲೂರು ಅಕ್ಕ: ಎಲ್ರದ್ದೂ ಡಬ್ಬಿ ಲೆಕ್ಕಾನೇ. ನಾವು ಒತ್ತಾದ ಒಳಕೊಂಬೆ ಸವರಿ, ರೋಗದ ಚಿಗುರು ಚೀಲಕ್ಕೆ ತುಂಬಿ ಹೊರಗೆ ಸುಟ್ವಿ. ಸಂಜೆ ಮಂಜಿನ ಹಾಗೆ ನೀರು ಚಿಮ್ಮೋ ಫಾಗರ್ ಬಂದ್. ಮೇಲಿನ ಕಿಂಡಿಯ ಜಾಲರಿಗೆ ಧೂಳು ಮೆತ್ಕೊಂಡಿತ್ತು, ತೊಳೆಸಿದ ಮೇಲೆ ಗಾಳಿ ಆಡ್ತು. ಇಬ್ಬರು ಆಳಿನ ಕೂಲಿ, ಅಷ್ಟೇ. ಮೇಲೊಂದಿಷ್ಟು ಹುಳಿ ಮಜ್ಜಿಗೆ.

ಆಲೂರು ಅಣ್ಣ: ಮಜ್ಜಿಗೆ ಹೂ ಹರಾಜಿಗೆ ಬಂದ್ರೆ ವಾಸನೆಗೇ ಗೊತ್ತಾಗುತ್ತೆ ತಾಯಿ.

ಬೇಲೂರು ಅಕ್ಕ: ಮೊದಲು ನಿಮ್ಮ ಗಂಧಕದ ನಾತ ತೊಳ್ಕೊಳ್ಳಿ. ಸಬ್ಸಿಡಿ ದುಡ್ಡಲ್ಲಿ ಕಟ್ಟಿ ಇಷ್ಟು ಮಾತಾ?

ಅರಕಲಗೂಡು ಹೂವಿನವ: ಅಣ್ಣಾ, ಹಾಗಾದ್ರೆ ಹತ್ತು ಗುಂಟೆಗೆ ಬರ್ನರ್ ಹತ್ತು ಬೇಕಾ?

ಆಲೂರು ಅಣ್ಣ: ಸಬ್ಸಿಡಿ ಯಾರು ತಗೊಂಡಿಲ್ಲ ಹೇಳಮ್ಮ! ನನ್ನ ಎರಡನೇ ಕಂತು ಇನ್ನೂ ಬಂದಿಲ್ಲ.

ಮೂಡಿಗೆರೆ ಮಳೆ: ನಿಮಗೆ ಮೊದಲನೇದಾದ್ರೂ ಬಂತಾ? ಯಾವ ವರ್ಷದ ಅರ್ಜಿ?