ಪೂಮಾ ಬೇಟೆಯನ್ನು ನಿರ್ವಹಣೆ ಎಂದು ಕರೆಯಬಹುದೇ?

ಪೈನ್‌ನೆರಳು (ಪ್ರಶ್ನೆ)

ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟಗಳ ಅಂಚಿಗೆ ಬಂದು ನೆಲೆಸಿ ಹನ್ನೊಂದು ವರ್ಷಗಳಾದವು. 2024ರ ನವೆಂಬರ್‌ನಲ್ಲಿ ಇಲ್ಲಿನ ಮತದಾರರ ಮುಂದೆ ಪ್ರೊಪೊಸಿಷನ್ 127 ಎಂಬ ಪ್ರಸ್ತಾವ ಬಂದಿತ್ತು. ಪೂಮಾ (ಬೆಟ್ಟಸಿಂಹವೆಂದೂ ಕರೆಯುವ ದೊಡ್ಡ ಕಾಡುಬೆಕ್ಕು), ಅದಕ್ಕಿಂತ ಚಿಕ್ಕ ಕಾಡುಬೆಕ್ಕುಗಳಾದ ಬಾಬ್‌ಕ್ಯಾಟ್ ಮತ್ತು ಲಿಂಕ್ಸ್‌ಗಳ ಬೇಟೆಯನ್ನು ನಿಷೇಧಿಸಬೇಕೆಂಬ ಆ ಪ್ರಸ್ತಾವವನ್ನು ಸುಮಾರು ಶೇ 55ರಷ್ಟು ಮತದಾರರು ತಿರಸ್ಕರಿಸಿದರು. ಪೌರತ್ವ ಸಿಕ್ಕ ಮೇಲೆ ಅದು ನನ್ನ ಮೊದಲ ಮತದಾನವಾಗಿತ್ತು. ಉಳಿದ ಎಲ್ಲ ಪ್ರಶ್ನೆಗಳಿಗೂ ಉತ್ತರ ಗುರುತಿಸಿದ ನಾನು ಇದೊಂದನ್ನು ಮಾತ್ರ ಖಾಲಿ ಬಿಟ್ಟು ಮತಪತ್ರವನ್ನು ಅಂಚೆಗೆ ಹಾಕಿದೆ, ಆ ಸಂಕೋಚ ಇನ್ನೂ ಹೋಗಿಲ್ಲ.

ಅದಕ್ಕೆ ಮುಂಚಿನ ಚಳಿಗಾಲದಲ್ಲಿ ನಮ್ಮ ಮನೆಯ ಹಿಂದಿನ ಇಳಿಜಾರಿನಲ್ಲಿ ಸತ್ತ ಮ್ಯೂಲ್ ಜಿಂಕೆಯೊಂದನ್ನು ಕಂಡಿದ್ದೆ. ಪೂಮಾ ಅದನ್ನು ಮರದ ಬುಡಕ್ಕೆ ಎಳೆದು ತಂದು, ಪಕ್ಕೆಯ ರೋಮವನ್ನು ಹಲ್ಲಿನಿಂದಲೇ ಕತ್ತರಿಸಿದಂತೆ ಬೋಳು ಮಾಡಿ, ಎದೆಗೂಡನ್ನು ಬಗೆದು ಒಳಗಿನದನ್ನು ತಿಂದು, ಉಳಿದ ಮೈಯನ್ನು ಪೈನ್ ಎಲೆಗಳಿಂದಲೂ ಹಿಮದಿಂದಲೂ ಎಷ್ಟು ಅಚ್ಚುಕಟ್ಟಾಗಿ ಮುಚ್ಚಿತ್ತೆಂದರೆ, ಒಂದು ಕಿವಿ ಹೊರಗೆ ಕಾಣದೆ ಹೋಗಿದ್ದರೆ ನಾನು ಅದನ್ನು ಮಣ್ಣಿನ ದಿಬ್ಬವೆಂದೇ ತಿಳಿಯುತ್ತಿದ್ದೆ. ನಾಲ್ಕು ರಾತ್ರಿ ಅದು ಅಲ್ಲಿಗೆ ಬಂದು ಹೋಯಿತು. ನಮಗೆ ಯಾವ ತೊಂದರೆಯೂ ಆಗಲಿಲ್ಲ. ಆದರೂ ಆ ನಾಲ್ಕು ದಿನ ಮಗಳನ್ನು ಒಬ್ಬಳೇ ಅಂಗಳಕ್ಕೆ ಬಿಡಲು ನನಗೆ ಧೈರ್ಯ ಬರಲಿಲ್ಲ ಎಂಬುದನ್ನೂ ಹೇಳಲೇಬೇಕು.

ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜಿನಂತೆ ಇಲ್ಲಿ 3,800ರಿಂದ 4,400ರಷ್ಟು ಪೂಮಾಗಳಿವೆ, ವರ್ಷಕ್ಕೆ ಸುಮಾರು 500 ಬೇಟೆಗೆ ಬಲಿಯಾಗುತ್ತವೆ. ಬೇಟೆ ಇಲ್ಲದಿದ್ದರೆ ಅವುಗಳ ಸಂಖ್ಯೆ ಮಿತಿಮೀರುತ್ತದೆ, ಜಿಂಕೆಗಳು ಕಡಿಮೆಯಾಗುತ್ತವೆ, ಜಾನುವಾರುಗಳಿಗೂ ಮನುಷ್ಯರಿಗೂ ಅಪಾಯ ಹೆಚ್ಚುತ್ತದೆ ಎಂಬ ಮೂರು ಕಾರಣಗಳನ್ನು ಇಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಈ ಮೂರರಲ್ಲಿ ಪುರಾವೆಯ ಮುಂದೆ ನಿಲ್ಲುವುದು ಯಾವುದು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಹೆಜ್ಜೆಗುರುತು

ನೀವು ಹೇಳಿದ ಮೂರು ಕಾರಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಾನು ವನ್ಯಜೀವಿ ಶಾಸ್ತ್ರ ಓದಿದವನು, ಪೂಮಾಗಳಿಗೆ ರೇಡಿಯೋ ಕಾಲರ್ ತೊಡಿಸುವ ತಂಡದಲ್ಲಿ ಕೆಲವು ಚಳಿಗಾಲ ದುಡಿದವನು. ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಬರೆಯುತ್ತೇನೆ.

ಜಿಂಕೆಗಳ ವಿಚಾರದಲ್ಲಿ ಎಲ್ಲರೂ ಉದಾಹರಿಸುವುದು ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯನ್ನು. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಮೇಲೆ ಸರ್ಕಾರಿ ಬೇಟೆಗಾರರು ಅಲ್ಲಿ ನೂರಾರು ಪೂಮಾಗಳನ್ನು ಕೊಂದರು. ಜಿಂಕೆಗಳು ವಿಪರೀತ ಹೆಚ್ಚಿ, ಮೇವನ್ನೆಲ್ಲ ಬರಿದು ಮಾಡಿ, 1920ರ ದಶಕದ ಚಳಿಗಾಲಗಳಲ್ಲಿ ಹಸಿವಿನಿಂದ ಸತ್ತವು. ಬೇಟೆಯ ವಿರೋಧಿಗಳಿಗೆ ಈ ಕಥೆ ಬಹಳ ಪ್ರಿಯ. ಆದರೆ 1970ರಲ್ಲಿ ಗ್ರೇಮ್ ಕಾಗ್ಲಿ ಎಂಬ ಜೀವಶಾಸ್ತ್ರಜ್ಞರು ಆ ಅಂಕಿ ಅಂಶಗಳನ್ನೇ ಪ್ರಶ್ನಿಸಿದರು. ಅದೇ ಅವಧಿಯಲ್ಲಿ ಅಲ್ಲಿ ಮೇಯುತ್ತಿದ್ದ ಕುರಿ, ದನಗಳ ಸಂಖ್ಯೆಯೂ ಇಳಿದಿತ್ತು, ಜಿಂಕೆಗಳು ಹೆಚ್ಚಿದ್ದಕ್ಕೆ ಅದೂ ಕಾರಣವಿರಬಹುದು ಎಂಬುದನ್ನು ತೋರಿಸಿದರು. ಆದ್ದರಿಂದ ನಾನು ಕೈಬಾಬನ್ನು ಯಾರ ಪರವಾಗಿಯೂ ಸಾಕ್ಷಿಗೆ ಕರೆಯುವುದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಆಗ್ನೇಯ ಐಡಾಹೊದಲ್ಲಿ 1997ರಿಂದ 2003ರವರೆಗೆ ನಡೆದ ಪ್ರಯೋಗ. ಅಲ್ಲಿ ಕೆಲವು ಪ್ರದೇಶಗಳಿಂದ ಪೂಮಾಗಳನ್ನೂ ಕಯೋಟಿಗಳನ್ನೂ (ನರಿಯಂಥ ಚಿಕ್ಕ ತೋಳಗಳು) ಬೇಕೆಂದೇ ತೆಗೆದುಹಾಕಿ ಮ್ಯೂಲ್ ಜಿಂಕೆಗಳ ಸ್ಥಿತಿಯನ್ನು ಗಮನಿಸಲಾಯಿತು. ಪೂಮಾಗಳು ಕಡಿಮೆಯಾದ ಕಡೆ ಮರಿಗಳ ಪ್ರಮಾಣ ತುಸು ಏರಿತು, ಆದರೆ ಜಿಂಕೆಗಳ ಒಟ್ಟು ಸಂಖ್ಯೆಯ ಏರಿಳಿತದಲ್ಲಿ ಮುಖ್ಯ ಪಾತ್ರ ವಹಿಸಿದ್ದು ಹವಾಮಾನವೇ. ಹಿಮ ವಿಪರೀತ ಬಿದ್ದ ವರ್ಷ ಜಿಂಕೆಗಳು ಸಾಯುತ್ತವೆ, ಮೇವು ಹುಲುಸಾದ ವರ್ಷ ಉಳಿಯುತ್ತವೆ.

ಕೊಲೊರಾಡೊದ ಮಟ್ಟಿಗೆ ಇನ್ನೊಂದು ಸಂಗತಿ ಸೇರಿಸುತ್ತೇನೆ. ಜಿಂಕೆಗಳನ್ನು ಸವೆಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಕಾಯಿಲೆ ನಿಮ್ಮ ಬೆಟ್ಟಗಳಲ್ಲೇ ಇದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇಟೆಗಾರರ ಗುಂಡಿಗೆ ಸಿಕ್ಕ ಜಿಂಕೆಗಳಿಗಿಂತ ಪೂಮಾ ಹಿಡಿದ ಜಿಂಕೆಗಳಲ್ಲಿ ಸೋಂಕು ಹೆಚ್ಚಾಗಿ ಕಂಡುಬಂದಿತ್ತು. ನಮ್ಮ ಕಣ್ಣಿಗೆ ಬೀಳದ ನಿಧಾನವನ್ನು, ಕಿವಿಯ ಜೋಲನ್ನು ಪೂಮಾ ಗುರುತಿಸುತ್ತದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಅಪಾಯದ ಪ್ರಶ್ನೆ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ತಪ್ಪಾಗಿ ಗ್ರಹಿಸಲಾಗಿರುವುದೂ ಇದೇ. ಪ್ರಾಯದ ಗಂಡು ಪೂಮಾ ನೂರಾರು ಚದರ ಕಿಲೋಮೀಟರ್ ಪ್ರದೇಶವನ್ನು ತನ್ನದಾಗಿಸಿಕೊಂಡು, ಬೇರೆ ಗಂಡುಗಳನ್ನು ಒಳಗೆ ಬಿಡದೆ ಕಾಯುತ್ತದೆ. ಸುಮಾರು ಒಂದೂವರೆ ವರ್ಷಕ್ಕೆ ತಾಯಿಯನ್ನು ಬಿಟ್ಟು ಹೊರಡುವ ಎಳೆಯ ಗಂಡುಗಳು ಜಾಗ ಹುಡುಕುತ್ತಾ ಬಹುದೂರ ಅಲೆಯುತ್ತವೆ. ಜಿಂಕೆ ಹಿಡಿಯುವ ಕೈ ಇನ್ನೂ ಪಳಗಿರುವುದಿಲ್ಲ. ಮನೆಗಳ ಬಳಿ ಸುಳಿಯುವುದೂ ಆಡಿನ ಕೊಟ್ಟಿಗೆಗೆ ನುಗ್ಗುವುದೂ ಬಹುಪಾಲು ಇವೇ. ಬೇಟೆಗಾರನಾದರೋ ದೊಡ್ಡ ತಲೆಯ ಹಿರಿಯ ಗಂಡನ್ನೇ ಅರಸುತ್ತಾನೆ. ಅದು ಸತ್ತ ಜಾಗಕ್ಕೆ ಇಬ್ಬರೋ ಮೂವರೋ ಎಳೆಯರು ಬಂದು ಸೇರುತ್ತಾರೆ. ವಾಷಿಂಗ್ಟನ್ ರಾಜ್ಯದ ಅಂಕಿ ಅಂಶಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಬೇಟೆ ಹೆಚ್ಚಾದ ಪ್ರದೇಶಗಳಲ್ಲಿ ಮರುವರ್ಷ ದೂರುಗಳೂ ಜಾನುವಾರು ನಷ್ಟವೂ ಹೆಚ್ಚಿದ್ದನ್ನು ಗುರುತಿಸಿತು. ದೂರು ಬಂದ ಕಡೆಯೇ ಇಲಾಖೆಗಳು ಬೇಟೆಯ ಕೋಟಾ ಏರಿಸುವುದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಸುಲಭವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಕಾಲರ್ ತೊಟ್ಟ ಪ್ರಾಣಿಗಳ ಓಡಾಟವನ್ನು ಕಣ್ಣಾರೆ ಕಂಡವನಾಗಿ ಆ ವಿವರಣೆ ನನಗೆ ಒಪ್ಪಿಗೆಯಾಗಿದೆ.

ಬೇಟೆಯನ್ನು ಪೂರ್ತಿ ನಿಲ್ಲಿಸಲೇಬೇಕೆಂದು ಇದರ ಅರ್ಥವಲ್ಲ. ಅದೇ ವಾಷಿಂಗ್ಟನ್‌ನಲ್ಲಿ ಪೂಮಾಗಳ ಸಹಜ ವೃದ್ಧಿ ದರ ವರ್ಷಕ್ಕೆ ಶೇ 14ರ ಆಸುಪಾಸಿನಲ್ಲಿದೆ ಎಂದು ಕಂಡುಕೊಂಡು, ಬೇಟೆಯನ್ನು ಒಟ್ಟು ಸಂಖ್ಯೆಯ ಶೇ 12ರಿಂದ 16ರೊಳಗೆ ಇಡುವ ಕ್ರಮವನ್ನು ರೂಪಿಸಿದರು. ನೀವು ಕೊಟ್ಟ ಅಂಕಿಗಳನ್ನು ಲೆಕ್ಕ ಹಾಕಿದರೆ ಕೊಲೊರಾಡೊದ ಸರಾಸರಿಯೂ ಅದಕ್ಕಿಂತ ದೂರವಿಲ್ಲ. ಆದರೆ ಪೂಮಾ ಸರಾಸರಿಯಲ್ಲಿ ಬದುಕುವುದಿಲ್ಲ, ಒಂದು ಕಣಿವೆಯಲ್ಲಿ ಬದುಕುತ್ತದೆ. ರಸ್ತೆ ಚೆನ್ನಾಗಿರುವ ಕಣಿವೆಯಲ್ಲಿ ಒಂದೇ ಚಳಿಗಾಲದಲ್ಲಿ ಪ್ರಾಯದವೆಲ್ಲ ಮುಗಿದು, ದುರ್ಗಮವಾದ ಪಕ್ಕದ ಕಣಿವೆಯಲ್ಲಿ ಒಂದೂ ಸಾಯದೆ ಇರಬಹುದು, ರಾಜ್ಯದ ಸರಾಸರಿ ಮಾತ್ರ ನಿರಾತಂಕವಾಗಿ ಕಾಣುತ್ತದೆ.

ಆಡಿನಕೊಟ್ಟಿಗೆ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ನಾನು ಬೇಟೆಯ ಪರ ಇರುವವನು, ನಿಷೇಧದ ವಿರುದ್ಧ ಮತ ಹಾಕಿದವನು.

ನನ್ನ ಬಳಿ ಇಪ್ಪತ್ತರಷ್ಟು ಆಡುಗಳಿವೆ. ಒಂದು ರಾತ್ರಿಯಲ್ಲಿ ಪೂಮಾ ಐದನ್ನು ಕೊಂದು, ತಿಂದದ್ದು ಒಂದನ್ನು ಮಾತ್ರ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಉಳಿದವು ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು, ಕರೆದರೂ ಬರಲಿಲ್ಲ. ರಾಜ್ಯವು ಇಂಥ ನಷ್ಟಕ್ಕೆ ಪರಿಹಾರ ಕೊಡುತ್ತದೆ, ಆ ಹಣ ಬರುವುದು ಬೇಟೆ ಪರವಾನಗಿಗಳ ಶುಲ್ಕದಿಂದ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲೆ ವಿಧಿಸುವ ತೆರಿಗೆಯೂ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ. ಬೇಟೆಗಾರರನ್ನು ಹೊರಗಟ್ಟುವವರು ಆ ಹಣದ ಜಾಗವನ್ನು ಯಾವುದರಿಂದ ತುಂಬುತ್ತಾರೆ ಎಂಬುದನ್ನೂ ಹೇಳಬೇಕು.

ಕೊಂಬುಗಳಿಗಾಗಿ, ಚರ್ಮಕ್ಕಾಗಿ ಕೊಲ್ಲುವವರು ಎಂಬ ಮಾತು ಮತದಾನದ ಸಮಯದಲ್ಲಿ ಬಹಳ ಕೇಳಿಬಂತು. ಪೂಮಾಗೆ ಕೊಂಬಿಲ್ಲ ಎಂಬುದಿರಲಿ, ಕೊಲೊರಾಡೊದಲ್ಲಿ ಪೂಮಾ ಕೊಂದವನು ಅದರ ಮಾಂಸವನ್ನು ತಿನ್ನಲು ಸಿದ್ಧಪಡಿಸಬೇಕೆಂಬ ನಿಯಮವಿದೆ, ಪರವಾನಗಿ ಪಡೆಯುವ ಮೊದಲು ಗಂಡು ಹೆಣ್ಣುಗಳ ವ್ಯತ್ಯಾಸ ಗುರುತಿಸುವುದನ್ನು ಕಲಿತು ಪರೀಕ್ಷೆ ಪಾಸಾಗಬೇಕು. ಬೇಟೆನಾಯಿಗಳ ಬಗ್ಗೆ ಜನರಿಗೆ ಅಸಹ್ಯವಿದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ನಾಯಿಗಳು ಮರ ಹತ್ತಿಸಿದ ಪೂಮಾವನ್ನು ಮಾತ್ರ ನಿಧಾನವಾಗಿ ನೋಡಿ ತೀರ್ಮಾನಿಸಲು ಸಾಧ್ಯ. ಗಂಡಾದರೆ ಬಾಲದ ಬುಡದಿಂದ ನಾಲ್ಕೈದು ಅಂಗುಲ ಕೆಳಗೆ ಕಪ್ಪು ರೋಮದ ಚುಕ್ಕೆ ಇರುತ್ತದೆ, ಹೆಣ್ಣಿಗೆ ಅದು ಇರುವುದಿಲ್ಲ. ಓರೆಗಾನ್ 1994ರಲ್ಲಿ, ವಾಷಿಂಗ್ಟನ್ 1996ರಲ್ಲಿ ಜನಮತದ ಮೂಲಕ ನಾಯಿಗಳ ಬಳಕೆಯನ್ನು ನಿಷೇಧಿಸಿದವು. ಆಮೇಲೆ ಅಲ್ಲಿ ಪೂಮಾ ಎದುರಾದ ಕ್ಷಣದಲ್ಲೇ ಗುಂಡು ಹಾರಿಸುವವರ ಪಾಲು ಹೆಚ್ಚಿತು. ಅರೆಕ್ಷಣದಲ್ಲಿ ಗಂಡೋ ಹೆಣ್ಣೋ ಎಂದು ಯಾರಿಗೆ ತಾನೇ ತಿಳಿದೀತು?

ಕಣಿವೆದಾರಿ

ಕ್ಯಾಲಿಫೋರ್ನಿಯಾದಿಂದ ಸಂಕ್ಷಿಪ್ತವಾಗಿ ಬರೆಯುತ್ತಿದ್ದೇನೆ. 1907ರಿಂದ 1963ರವರೆಗೆ ಇಲ್ಲಿ ಪೂಮಾ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು, ಆ ಅವಧಿಯಲ್ಲಿ 12,000ಕ್ಕೂ ಹೆಚ್ಚು ಸತ್ತವು. 1972ರಿಂದ ಮೋಜಿನ ಬೇಟೆ ನಿಂತಿದೆ. 1990ರಲ್ಲಿ ಪ್ರೊಪೊಸಿಷನ್ 117 ಅದನ್ನು ಕಾಯಂಗೊಳಿಸಿತು, 1996ರಲ್ಲಿ ಅದನ್ನು ತೆಗೆಯುವ ಪ್ರಯತ್ನವನ್ನು ಮತದಾರರು ಸೋಲಿಸಿದರು. ಐವತ್ತು ವರ್ಷ ಬೇಟೆ ಇಲ್ಲದಿದ್ದರೂ ಸಂಖ್ಯೆ ಏರುತ್ತಲೇ ಹೋಗಲಿಲ್ಲ, ಏಕೆಂದರೆ ಜಾಗ ಮತ್ತು ಜಿಂಕೆ ಎಷ್ಟಿವೆಯೋ ಅಷ್ಟೇ ಪೂಮಾಗಳು ಉಳಿಯುತ್ತವೆ, ಗಂಡುಗಳು ಒಂದನ್ನೊಂದು ಕೊಲ್ಲುವುದೂ ಉಂಟು.

ಆದರೆ ಬೇಟೆ ನಿಂತರೆ ಸಾಕು ಎಂದುಕೊಂಡಿರುವವರು ಲಾಸ್ ಏಂಜಲೀಸ್ ಕಡೆಗೆ ನೋಡಬೇಕು. ಪಿ-22 ಎಂಬ ಗಂಡು ಪೂಮಾ ಎರಡು ದೊಡ್ಡ ಹೆದ್ದಾರಿಗಳನ್ನು ದಾಟಿ ಗ್ರಿಫಿತ್ ಪಾರ್ಕ್ ಸೇರಿತು, ವರ್ಷಗಟ್ಟಲೆ ಅಲ್ಲಿ ಒಂಟಿಯಾಗಿ ಬದುಕಿತು, ಒಂದು ಹೆಣ್ಣನ್ನೂ ಕಾಣಲಿಲ್ಲ. ಅಸ್ವಸ್ಥವಾಗಿದ್ದ ಅದಕ್ಕೆ ವಾಹನವೂ ಬಡಿದಿತ್ತು, 2022ರ ಡಿಸೆಂಬರ್‌ನಲ್ಲಿ ದಯಾಮರಣ ಕೊಡಬೇಕಾಯಿತು. ರಸ್ತೆಗಳ ನಡುವೆ ಸಿಕ್ಕಿಬಿದ್ದ ಪೂಮಾಗಳಲ್ಲಿ ರಕ್ತಸಂಬಂಧದ ಕೂಡುವಿಕೆಯಿಂದ ಬಾಲ ಸೊಟ್ಟಗಾದ ಪ್ರಾಣಿಗಳು ಹುಟ್ಟಿವೆ. ಹೆದ್ದಾರಿ 101ರ ಮೇಲೆ ಈಗ ವನ್ಯಜೀವಿಗಳಿಗಾಗಿ ಸೇತುವೆ ಕಟ್ಟುತ್ತಿದ್ದಾರೆ. ಅದಕ್ಕಾಗಿ ನಾನು ಪ್ರತಿದಿನ ಕಾಯುತ್ತಿದ್ದೇನೆ.

ಪೈನ್‌ನೆರಳು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಅನುಮಾನಗಳು ಉಳಿದಿವೆ. ಕ್ಯಾಲಿಫೋರ್ನಿಯಾದಲ್ಲೂ ಅಪಾಯದಲ್ಲಿರುವ ಸಿಯೆರಾ ನೆವಾಡಾದ ಕಾಡುಕುರಿಗಳಿಗಾಗಿ ಪೂಮಾಗಳನ್ನು ತೆಗೆಯಲು 1999ರಲ್ಲಿ ಅವಕಾಶ ಮಾಡಿಕೊಟ್ಟರಲ್ಲ, ಅಲ್ಲಿ ಕೊಲ್ಲುವುದು ಸರಿಯೇ? ಎರಡನೆಯದಾಗಿ, ಬೇಟೆಯ ಋತುವಿನಲ್ಲಿ ತಾಯಿ ಸತ್ತರೆ ಮರಿಗಳ ಗತಿಯೇನು?

ಹೆಜ್ಜೆಗುರುತು

ಕಾಡುಕುರಿಗಳ ವಿಷಯದಲ್ಲಿ ನಾನು ಬೇಟೆ-ವಿರೋಧಿ ಮಿತ್ರರಿಂದ ಬೇರೆಯಾಗುತ್ತೇನೆ. ಕೆನಡಾದ ಆಲ್ಬರ್ಟಾದಲ್ಲಿ ಒಂದೇ ಒಂದು ಹೆಣ್ಣು ಪೂಮಾ ಒಂದು ಚಳಿಗಾಲದಲ್ಲಿ ಕಾಡುಕುರಿಗಳ ಹಿಂಡಿನ ಶೇ 9ರಷ್ಟನ್ನು, ಅದರ ಮರಿಗಳಲ್ಲಿ ಕಾಲು ಭಾಗವನ್ನು ಮುಗಿಸಿದ್ದು ದಾಖಲಾಗಿದೆ. ಅದೇ ಬೆಟ್ಟದ ಇತರ ಪೂಮಾಗಳಿಗೆ ಕುರಿಯ ಚಟವಿರಲಿಲ್ಲ. ಇಂಥ ಕಡೆ ಆ ಒಂದು ಪ್ರಾಣಿಯನ್ನು ಗುರುತಿಸಿ ತೆಗೆಯುವುದು, ಸಾಧ್ಯವಾದರೆ ದೂರ ಸಾಗಿಸುವುದು ನ್ಯಾಯ. ಸುತ್ತಲಿನ ಹತ್ತನ್ನು ಕೊಂದು ಆ ಒಂದನ್ನು ಬಿಟ್ಟರೆ ಕುರಿಗಳಿಗೆ ಏನೂ ದಕ್ಕುವುದಿಲ್ಲ.

ಮರಿಗಳ ಪ್ರಶ್ನೆ ಕಷ್ಟದ್ದು. ಮರಿಗಳು ಜೊತೆಗಿರುವ ಹೆಣ್ಣನ್ನು ಕೊಲ್ಲುವಂತಿಲ್ಲ ಎಂಬ ನಿಯಮವೇನೋ ಇದೆ. ಆದರೆ ಪೂಮಾಗಳು ವರ್ಷದ ಯಾವ ಕಾಲದಲ್ಲಾದರೂ ಈಯುತ್ತವೆ, ಬೇಸಿಗೆಯಲ್ಲಿ ಹೆಚ್ಚು. ಹಾಗಾಗಿ ಚಳಿಗಾಲದ ಋತುವಿನಲ್ಲಿ ಅನೇಕ ಮರಿಗಳು ಇನ್ನೂ ಅರ್ಧ ವರ್ಷದವು. ತಾಯಿ ಅವನ್ನು ಪೊದೆಯಲ್ಲಿ ಬಿಟ್ಟು ಒಂಟಿಯಾಗಿ ಬೇಟೆಗೆ ಹೊರಟಾಗ ನಾಯಿಗಳ ಕೈಗೆ ಸಿಕ್ಕರೆ, ಮರದ ಮೇಲೆ ಕಾಣುವುದು ಮರಿಗಳಿಲ್ಲದ ಹೆಣ್ಣು. ಅವಳು ಸತ್ತರೆ ಆ ವಯಸ್ಸಿನ ಮರಿಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಪ್ರತಿ ಪ್ರದೇಶದಲ್ಲೂ ಹೆಣ್ಣುಗಳಿಗೆ ಪ್ರತ್ಯೇಕ ಮಿತಿ ಇಟ್ಟು, ಅದು ತುಂಬಿದ ದಿನವೇ ಅಲ್ಲಿ ಬೇಟೆ ನಿಲ್ಲಿಸಬೇಕೆಂದು ನಾನು ವನ್ಯಜೀವಿ ಆಯೋಗಕ್ಕೆ ಬರೆಯುತ್ತಲೇ ಇದ್ದೇನೆ.

ಆಡಿನಕೊಟ್ಟಿಗೆ

ಈ ಒಂದು ಬೇಡಿಕೆಗೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ. ನನಗೆ ಈ ವಿದ್ಯೆ ಕಲಿಸಿದ ಹಿರಿಯರು ಹೆಣ್ಣಿನ ಹೆಜ್ಜೆ ಕಂಡರೆ ನಾಯಿಗಳನ್ನು ಬಿಡುವ ಮೊದಲು ಅದು ಹೋದ ದಿಕ್ಕಿಗಲ್ಲ, ಬಂದ ದಿಕ್ಕಿಗೆ ನಡೆಯುತ್ತಿದ್ದರು. ಹೋದ ಜನವರಿಯಲ್ಲಿ ನಾವಿಬ್ಬರೂ ಹೊಸ ಹಿಮದ ಮೇಲೆ ಹಾಗೆ ಒಂದು ಗಂಟೆ ಹಿಂದಕ್ಕೆ ನಡೆದೆವು. ಜೂನಿಪರ್ ಪೊದೆಯ ಕೆಳಗೆ ಹಿಮ ಕರಗಿ ಬರಿನೆಲ ಕಾಣುತ್ತಿದ್ದ ಒಂದು ಗುಳಿ, ಅದರ ಸುತ್ತ ನನ್ನ ಹೆಬ್ಬೆರಳಿಗಿಂತ ತುಸು ಅಗಲವಾದ ಅಂಗಾಲಿನ ಗುರುತುಗಳು, ಎರಡು ಮರಿಗಳದ್ದು. ಅವರು ಏನೂ ಮಾತಾಡದೆ ನಾಯಿಗಳ ಹಗ್ಗ ಗಿಡ್ಡ ಮಾಡಿ ಹಿಡಿದುಕೊಂಡರು, ನಾವು ಬಂದ ದಾರಿಯಲ್ಲೇ ಕೆಳಗಿಳಿದೆವು.